ಗೋಡೆಗೆ ಮುಖ ಮಾಡಿ ಕಟ್ಟಿದ ತಂಡ

ಶ್ರಾವಣದ ಎರಡನೆಯ ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ, ನನ್ನ ಅಣ್ಣ ಈರಣ್ಣ ಮೊದಲ ಸಲ ಬಿದ್ದ. ಅವನಿಗೆ ಆಗ ಹದಿನೇಳು, ನನಗೆ ಹದಿಮೂರು. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ. ಅಣ್ಣ ನೂಲಿನ ಕಂಡಿಕೆಗಳ ಬುಟ್ಟಿ ಹಿಡಿದು ನಡುಮನೆಯಿಂದ ಬಂದ, ಹೊಸ್ತಿಲು ದಾಟಿದ, ಯಾರೋ ಕರೆದ ಹಾಗೆ ಎಡಕ್ಕೆ ಮುಖ ತಿರುಗಿಸಿದ, ಹಾಗೇ ಬಿದ್ದ. ತಲೆ ನೆಲಕ್ಕೆ ಬಡಿದದ್ದು ಕುಣಿಯ ಅಂಚಿನಿಂದ ಒಂದು ಗೇಣು ಈಚೆಗೆ. ಕಂಡಿಕೆಗಳು ಉರುಳಿ ಕುಣಿಯೊಳಗೆ ಅಪ್ಪನ ಪಾದದ ಮೇಲೆ ಬಿದ್ದವು. ಅಪ್ಪ ಮೊದಲು ಬೈದ, ಆಮೇಲೆ ತಿರುಗಿ ನೋಡಿದ. ಸಮಯ ನನಗೆ ಖಚಿತವಾಗಿ ಗೊತ್ತು, ಏಕೆಂದರೆ ನಾನು ಶಾಲೆಗೆ ಹೊರಡಲೆಂದು ಗಡಿಯಾರ ನೋಡುತ್ತಿದ್ದೆ. ಆದರೆ ಕೈಕಾಲು ಸೆಟೆದು ಅದುರಿದ್ದು ಎಷ್ಟು ಹೊತ್ತು ಎಂಬುದು ಯಾರಿಗೂ ಗೊತ್ತಾಗಲಿಲ್ಲ. ಅವ್ವ ಅರ್ಧ ತಾಸು ಎಂದಳು. ಅಪ್ಪ ಎರಡು ನಿಮಿಷ ಎಂದ. ಅಪ್ಪನ ತಾಯಿ, ನಾವು ಆಯಿ ಎಂದು ಕರೆಯುತ್ತಿದ್ದವಳು, ಗುಡಿಯಲ್ಲಿ ಮಂಗಳಾರತಿ ಮುಗಿಯುವಷ್ಟು ಎಂದಳು. ಮೂವರೂ ಗದಗಿನ ಡಾಕ್ಟರ ಎದುರಿಗೆ ಕೂತು ಇದನ್ನೇ ಹೇಳಿದರು.

"ಅರ್ಧ ತಾಸಾಗಿದ್ರ ಹುಡುಗ ಇಲ್ಲಿಗೆ ನಡಕೊಂತ ಬರ್ತಿದ್ದಿಲ್ರಿ," ಎಂದರು ಡಾಕ್ಟರು. ಆಮೇಲೆ ನನ್ನ ಕಡೆ ನೋಡಿದರು. "ಗಡಿಯಾರ ನೋಡಿದಾಕಿ ನೀನಲ್ಲ? ಇನ್ನ ಮ್ಯಾಲೆ ಅದು ನಿನ್ನ ಕೆಲಸ. ಯಾವ ದಿನ, ಎಷ್ಟ ಹೊತ್ತಿಗೆ, ಎಷ್ಟ ನಿಮಿಷ. ಬರದು ಇಡು. ಐದು ನಿಮಿಷ ದಾಟಿತಂದ್ರ ಬರಿಯೂದು ಬಿಟ್ಟು ದವಾಖಾನಿಗೆ ತರ್ರಿ. ತಡಾ ಆತಂದ್ರ ಜೀವಕ್ಕ ಕುತ್ತು."

ಕೊನೆಯ ಮಾತನ್ನು ಅವರು ಗುಳಿಗೆ ಬರೆದುಕೊಡುತ್ತ ಮೆಲ್ಲಗೆ ಹೇಳಿದರು. ಅಣ್ಣ ಕೇಳಿಸಿಕೊಂಡ.

ಆ ಮೇಲಿನ ದಿನಗಳಲ್ಲಿ ನಮ್ಮ ಮನೆ ಅಂಜಿಕೆಯ ಅಳತೆಗೆ ತಕ್ಕಂತೆ ಬದಲಾಯಿತು. ಮನೆ ಎಂದರೆ ಮೂರು ಖೋಲಿ: ಮಗ್ಗವಿದ್ದ ಪಡಸಾಲೆ, ನಡುಮನೆ, ಅಡುಗೆಮನೆ, ಹಿಂದೆ ಹಿತ್ತಲು, ಅಲ್ಲಿ ಬಚ್ಚಲು. ಅಪ್ಪ ಕುಣಿಗೆ ಒಂದು ಹಲಗೆ ಮಾಡಿಸಿದ. ನೇಯ್ಗೆ ನಿಲ್ಲಿಸಿ ಎದ್ದಾಗಲೆಲ್ಲ, ಒಂದು ಚಹಾ ಕುಡಿಯುವಷ್ಟು ಹೊತ್ತಿಗಾದರೂ, ಅದನ್ನು ಮುಚ್ಚುತ್ತಿದ್ದ. ಬಚ್ಚಲಿನ ಬಾಗಿಲಿನ ಚಿಲಕವನ್ನು ಬಿಚ್ಚಿ ತೆಗೆದ. ಸ್ನಾನಕ್ಕೆ ಹೋದ ಅಣ್ಣ ಒಳಗಿನಿಂದ ಹಾಡಬೇಕು, ಇಲ್ಲವೇ ತಂಬಿಗೆ ಬಾರಿಸಬೇಕು ಎಂದು ಅವ್ವನ ಕಟ್ಟಪ್ಪಣೆ. ಹದಿನೇಳು ವರ್ಷದ ಹುಡುಗ ಬಚ್ಚಲಲ್ಲಿ ತಂಬಿಗೆ ಬಾರಿಸುವ ಸದ್ದು ಓಣಿಗೆಲ್ಲ ಕೇಳುತ್ತಿತ್ತು. ತುಳಸಿಕಟ್ಟೆಯ ಚೂಪು ಮೂಲೆಗಳಿಗೆ ಆಯಿ ಗೋಣಿತಾಟು ಸುತ್ತಿದಳು. ಊಟಕ್ಕೆ ಕೂತಾಗ ಅವನ ಜಾಗ ಒಲೆಯ ಬದಿಯಿಂದ ನಡುಮನೆಯ ನಡುವಿಗೆ ಬಂತು. ಎಡಕ್ಕೆ ನಾನು, ಬಲಕ್ಕೆ ಆಯಿ. ಬಿಸಿ ಸಾರನ್ನು ಅವ್ವ ಆರಿಸಿ ತಂದು ಹಾಕುತ್ತಿದ್ದಳು. ಅವನು ರೊಟ್ಟಿ ಮುರಿಯುವ ಕೈ ಒಂದು ಕ್ಷಣ ತಡೆದರೆ ನಾಲ್ವರ ಕೈಯೂ ತಡೆಯುತ್ತಿತ್ತು.

"ಹಲ್ಲಾಗ ಶೇಂಗಾ ಸಿಕ್ಕೈತಿ, ಮತ್ತೇನಿಲ್ಲ. ಉಣ್ರಿ," ಎನ್ನುತ್ತಿದ್ದ ಅಣ್ಣ.

ಅವನು ಬಿದ್ದಾಗ ಯಾರು ಏನು ಮಾಡಬೇಕೆಂದು ಯಾರೂ ಕೂತು ಗೊತ್ತು ಮಾಡಿರಲಿಲ್ಲ, ಆದರೂ ಗೊತ್ತಾಗಿತ್ತು. ಅಪ್ಪ ಮಗ್ಗ ನಿಲ್ಲಿಸಿ ಕುಣಿಗೆ ಅಡ್ಡ ನಿಲ್ಲುವುದು. ಅವ್ವ ಅವನನ್ನು ಮಗ್ಗುಲಿಗೆ ಹೊರಳಿಸಿ ತಲೆ ಹಿಡಿಯುವುದು. ಆಯಿ ಕಬ್ಬಿಣದ ಕೀಲಿಕೈ ತಂದು ಅವನ ಮುಷ್ಟಿಯೊಳಗೆ ತುರುಕುವುದು. ನಾನು ಗಡಿಯಾರ ನೋಡುವುದು. ಕೀಲಿಕೈಯ ವಿಷಯ ಡಾಕ್ಟರಿಗೂ ಹೋಯಿತು. ಅವರು ನಗಲಿಲ್ಲ. "ಕೈಯಾಗ ಏನರ ಇಡ್ರಿ ಆಯಿ, ನಿಮ್ಮ ಸಮಾಧಾನ. ಬಾಯಾಗ ಮಾತ್ರ ಏನೂ ಹಾಕಬ್ಯಾಡ್ರಿ," ಎಂದರು. ಎಲ್ಲರೂ ಅಳುತ್ತಿರುವಾಗ ನಾನು ಮುಳ್ಳು ನೋಡುತ್ತ ನಿಲ್ಲಬೇಕಿತ್ತು. ಓಣಿಯ ಹೆಂಗಸರು ಕಿಟಕಿಯಿಂದ ನೋಡಿ, ತಂಗಿಗೆ ಕರುಳೇ ಇಲ್ಲ ಎಂದು ಮಾತಾಡಿಕೊಂಡರು.

ನಮ್ಮ ಕಡೆ ನೇಕಾರರು ಅಮಾವಾಸ್ಯೆಯ ದಿನ ಮಗ್ಗ ಹೂಡುವುದಿಲ್ಲ. ಅಂದು ಮಗ್ಗಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಮನೆಮಂದಿಯೆಲ್ಲ ಮನೆಯಲ್ಲೇ ಇರುತ್ತಾರೆ. ಈ ಬೇನೆ ಅಮಾವಾಸ್ಯೆಗೇ ಮೇಲೇಳುತ್ತದೆ ಎಂದು ಆಯಿ ಮೊದಲ ದಿನವೇ ಹೇಳಿಬಿಟ್ಟಿದ್ದಳು. ಹೀಗಾಗಿ ಕೆಲಸವಿಲ್ಲದ ಆ ಒಂದು ದಿನ ನಾಲ್ವರೂ ಅಣ್ಣನನ್ನು ಸುತ್ತುವರಿದು ಕೂರುತ್ತಿದ್ದೆವು. ಅವನು ಹಿತ್ತಲಿಗೆ ಹೋದರೆ ಇಬ್ಬರು ಹಿಂದೆ. ಮಧ್ಯಾಹ್ನ ಮಲಗಿದರೆ ಆಯಿ ಬೀಸಣಿಗೆ ಹಿಡಿದು ತಲೆದೆಸೆಗೆ. ಸಂಜೆ ದೀಪ ಹಚ್ಚಿದ ಮೇಲೆ ಅಪ್ಪ "ದಾಟಿತು" ಎನ್ನುತ್ತಿದ್ದ. ಮರುದಿನ ಮಗ್ಗ ಶುರುವಾಗುತ್ತಿತ್ತು, ಕಾವಲು ಸಡಿಲಾಗುತ್ತಿತ್ತು.

ಅಣ್ಣ ಪಿಯುಸಿ ಎರಡನೆಯ ವರ್ಷದಲ್ಲಿದ್ದ. ಕಾಲೇಜಿಗೆ ಒಬ್ಬನೇ ಸೈಕಲ್ ಮೇಲೆ ಹೋಗುವುದು ನಿಂತಿತು, ಆಮೇಲೆ ಹೋಗುವುದೇ ಅಪರೂಪವಾಯಿತು. ಗೆಳೆಯರು ಎರಡು ವಾರ ಬಂದರು. ಕಾಯಿಲೆ ಬೀಳುವ ಮೊದಲು ಅವನು ಅವ್ವನ ಫೋನಿನಲ್ಲಿ ಒಂದು ಆಟ ಆಡುತ್ತಿದ್ದ. ವಿಚಿತ್ರ ಪ್ರಾಣಿಗಳನ್ನು ಹಿಡಿದು, ಸಾಕಿ, ಆರರ ತಂಡ ಕಟ್ಟಿ, ಎಲ್ಲಿಯೋ ಕೂತ ಇನ್ನೊಬ್ಬರ ಆರರ ಮೇಲೆ ಕಾದಾಡಿಸುವ ಆಟ. ಬೆಂಕಿಯದಕ್ಕೆ ನೀರಿನದು ಭಾರ, ನೀರಿನದಕ್ಕೆ ಮಿಂಚಿನದು ಭಾರ, ಹೀಗೆ. ಒಬ್ಬರ ಸಲ ಮುಗಿದ ಮೇಲೆ ಇನ್ನೊಬ್ಬರ ಸಲ. ನಿಂತ ಪ್ರಾಣಿಯನ್ನು ಬೇಕಾದರೆ ಬದಲಿಸಬಹುದು. ಒಂದೊಂದು ಸಲಕ್ಕೂ ಲೆಕ್ಕದ ಸೆಕೆಂಡುಗಳು. ಮೆದುಳಿನ ಪರೀಕ್ಷೆಯ ಫಲಿತಾಂಶ ಬರುವವರೆಗೆ ಮಿಣಮಿಣ ಎನ್ನುವ ಬೆಳಕು ನೋಡುವುದು ಬೇಡ ಎಂದು ಡಾಕ್ಟರು ಹೇಳಿದ್ದರು. ಆ ಪರೀಕ್ಷೆಯ ಸರದಿ ತಿಂಗಳುಗಟ್ಟಲೆ ಮುಂದೆ ಹೋಗುತ್ತಿತ್ತು. ಫೋನು ದೇವರ ಮಾಡದ ಪಕ್ಕ ಏರಿತು.

ದಸರೆ ರಜೆಯ ಒಂದು ಮಧ್ಯಾಹ್ನ ಅಣ್ಣ ನಡುಮನೆಯಲ್ಲಿ ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದ. ಪಡಸಾಲೆಯಲ್ಲಿ ಅಪ್ಪನ ಮಗ್ಗ ಬಡಿಯುತ್ತಿತ್ತು.

"ಸುಮಿ, ಆ ಫೋನ ತಗೊಂಡ ಬಾ."

"ನೀ ನೋಡಬಾರದು."

"ನಾ ನೋಡಂಗಿಲ್ಲ. ನೀ ನೋಡು, ನಾ ಆಡ್ತೀನಿ."

ಅವನು ಗೋಡೆಗೆ ಮುಖ ಮಾಡಿ ಕೂತ. ನಾನು ಅವನ ಬೆನ್ನಿಗೆ ಬೆನ್ನು ಹಚ್ಚಿ ಕೂತೆ. ಪರದೆಯ ಬೆಳಕನ್ನು ಕಡಿಮೆ ಮಾಡಿ, ಅದು ಗೋಡೆಯ ಮೇಲೆ ಬೀಳದಂತೆ ಅಂಗೈ ಮರೆ ಹಿಡಿದೆ. ನಾನು ಕಂಡದ್ದನ್ನು ಹೇಳಬೇಕು, ಅವನು ಮುಂದಿನ ಹೆಜ್ಜೆ ಹೇಳಬೇಕು, ನನ್ನ ಬೆರಳು ಒತ್ತಬೇಕು. ಮೊದಲ ದಿನ ಎದುರಿನಿಂದ ಹಲ್ಲು ಕಿರಿದ ಒಂದು ಪ್ರಾಣಿ ಬಂತು.

"ಏನೋ ಬಂತು ಅಣ್ಣಾ. ಭಾಳ ಅಂಜಿಕಿ ಬರೂಹಂಗ ಐತಿ."

"ಅಂಜಿಕಿ ನಿಂದು. ಅದರದು ಹೇಳು. ಬಣ್ಣ ಯಾವುದು, ಜೀವ ಎಷ್ಟೈತಿ, ಮೊದಲ ಹೊಡದಾರ ಯಾರು."

"ಕೆಂಪ ಐತಿ. ಜೀವ ಪೂರಾ ಐತಿ. ಮೊದಲ ಅದ ಹೊಡೀತು. ನಮ್ಮದರದು ಅರ್ಧ ಹೋತು."

"ಹಾಂ, ಹಿಂಗ ಹೇಳಬೇಕು. ಅರ್ಧಕ್ಕಿಂತ ಹೆಚ್ಚೋ ಕಡಿಮಿಯೋ?"

ಇವತ್ತು ನಾನು ಹುಬ್ಬಳ್ಳಿಯ ಒಂದು ಪತ್ರಿಕೆಯ ಡೆಸ್ಕಿನಲ್ಲಿ ವರದಿಗಳನ್ನು ತಿದ್ದುತ್ತೇನೆ. ವಿಶೇಷಣಗಳನ್ನು ಹೊಡೆದು ಹಾಕುವಾಗ ಯಾರಾದರೂ ಎಲ್ಲಿ ಕಲಿತಿರಿ ಎಂದರೆ, ಕಾಲೇಜಿನ ಹೆಸರು ಹೇಳುತ್ತೇನೆ. ಅದು ಪೂರ್ತಿ ನಿಜವಲ್ಲ.

ಅಣ್ಣನ ಮೊದಲ ತಂಡದ ಆರೂ ಪ್ರಾಣಿಗಳು ಬರೀ ಹೊಡೆಯುವಂಥವು. ಬೆಂಕಿಯ ಹದ್ದು, ಮಿಂಚಿನ ಮುಂಗುಸಿ, ಕೊಂಬಿನದು, ಉಗುರಿನದು. ಎರಡು ಏಟಿನಲ್ಲಿ ಎದುರಾಳಿಯನ್ನು ಮುಗಿಸುತ್ತಿದ್ದವು, ಮೂರನೆಯ ಏಟಿಗೆ ತಾವೂ ಮುಗಿಯುತ್ತಿದ್ದವು. ಒಂದು ವಾರ ಸತತ ಸೋತೆವು. ಅವನು ಕಂಡಿಕೆ ಸುತ್ತುತ್ತ ಗೋಡೆಗೇ ಹೇಳಿದ:

"ಆರೂ ಮಂದಿ ಹೊಡಿಯೋರಾದ್ರ ಹೊಡತ ತಿನ್ನೋರು ಯಾರಲೇ?"

ಅಡುಗೆಮನೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಆಯಿ ಬಾಗಿಲಿಗೆ ಬಂದಳು. "ಯಾರ ಮನೀ ಜಗಳಾ ಅದು?"

ಹೇಳದೆ ವಿಧಿಯಿರಲಿಲ್ಲ. ಆಯಿ ಫೋನು ನೋಡಿದಳು, ಅಣ್ಣ ಗೋಡೆಗೆ ಮುಖ ಮಾಡಿದ್ದನ್ನು ನೋಡಿದಳು, ಪಡಸಾಲೆಯ ಕಡೆ ಕಿವಿಗೊಟ್ಟಳು, ಮೊರ ತಂದು ಹೊಸ್ತಿಲ ಮೇಲೆ ಅಡ್ಡ ಕೂತಳು. ಅಂದಿನಿಂದ ಅವಳು ನಮ್ಮ ಕಾವಲು. ಅಪ್ಪ ನೀರಿಗೆ ಎದ್ದರೆ, ಅವ್ವ ಹಿತ್ತಲಿನಿಂದ ಬಂದರೆ ಕೆಮ್ಮುತ್ತಿದ್ದಳು. ತಂಡ ನಿಧಾನವಾಗಿ ಬದಲಾಯಿತು. ಏಟು ತಿನ್ನಲಿಕ್ಕೆ ಒಂದು ಕಲ್ಲಿನ ಪ್ರಾಣಿ ಬಂತು. ಕಪ್ಪತಗುಡ್ಡದ ಬಂಡೆಯ ಹಾಗೆ ಇದೆ ಎಂದು ಅಣ್ಣ ಅದಕ್ಕೆ ಕಪ್ಪತ ಎಂದು ಹೆಸರಿಟ್ಟ. ಗಾಯ ಮಾಯಿಸುವ ಒಂದು ಬಿಳಿ ಪ್ರಾಣಿಗೆ ಸೂಲಗಿತ್ತಿ ಎಂದು ಆಯಿಯೇ ಹೆಸರಿಟ್ಟಳು. ಎಲ್ಲರಿಗಿಂತ ಮೊದಲು ಓಡುವುದು ಲಾಳಿ. ಎದುರಿನವರಿಗೆ ಅಂಟಿಕೊಂಡು ವೇಗ ತಗ್ಗಿಸಿ, ಸಲಕ್ಕೆ ಸಲ ವಿಷ ಏರಿಸುವುದು ಜಿಗಟ. ಹೊಡೆಯಲಿಕ್ಕೆ ಎರಡು ಸಾಕಾದವು.

"ಸೂಲಗಿತ್ತೀನ ಮುಂದ ಯಾಕ ನಿಲ್ಲಸ್ತೀರಿ? ಆಕಿ ಹಿಂದಿರಬೇಕು. ಕರದಾಗ ಬರಬೇಕು," ಎನ್ನುತ್ತಿದ್ದಳು ಆಯಿ.

"ಕಪ್ಪತಂದು ಜೀವ ಕಾಲು ಪಾಲು ಐತಿ," ಎನ್ನುತ್ತಿದ್ದೆ ನಾನು.

"ಇರ್ಲಿ, ನಿಲ್ಲಲಿ. ಅಂವ ನಿಂತಷ್ಟು ಹೊತ್ತು ಉಳದವರಿಗೆ ದಮ್ಮು ಸಿಗ್ತೈತಿ," ಎನ್ನುತ್ತಿದ್ದ ಅಣ್ಣ.

ಇದನ್ನು ಸಂತೋಷದ ದಿನಗಳೆಂದು ಬರೆದರೆ ತಪ್ಪಾಗುತ್ತದೆ. ಬೆನ್ನಿಗೆ ಬೆನ್ನು ಹಚ್ಚಿ ಕೂತಿದ್ದರಿಂದ ಅವನ ಉಸಿರು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ಬೀಳುವ ಮೊದಲು ಅವನ ಮುಖ ಎಡಕ್ಕೆ ತಿರುಗುತ್ತದೆ ಎಂದು ನಾನು ಬರೆದಿಟ್ಟಿದ್ದೆ. ಅವನ ಭುಜ ಎಡಕ್ಕೆ ಒಂದು ಎಳೆ ಸರಿದರೂ ನನ್ನ ಬೆರಳು ಪರದೆಯ ಮೇಲೆ ನಿಲ್ಲುತ್ತಿತ್ತು. ಆಟದಲ್ಲಿ ಮಿಂಚು ಹೊಡೆದಾಗ ಪರದೆ ಒಮ್ಮೆಲೇ ಬೆಳ್ಳಗಾಗುತ್ತದೆ. ಆಗೆಲ್ಲ ಫೋನನ್ನು ಎದೆಗೆ ಒತ್ತಿಕೊಳ್ಳುತ್ತಿದ್ದೆ. ಆ ಬೆಳಕಿನ ಒಂದು ಚೂರು ಸೋರಿ ಅವನಿಗೆ ತಾಗಿದರೆ, ಅವನು ಬಿದ್ದರೆ, ಐದು ನಿಮಿಷ ದಾಟಿದರೆ, ಕೊಂದವಳು ನಾನೇ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಆದರೂ ಮರುದಿನ ಅವನು ಕೇಳಿದಾಗ ಫೋನು ತರುತ್ತಿದ್ದೆ. ದಿನದ ಉಳಿದ ಹೊತ್ತಿನಲ್ಲಿ ಅವನು ಎಲ್ಲರಿಂದ ನೋಡಿಸಿಕೊಳ್ಳುವ ಹುಡುಗ. ಆ ಅರ್ಧ ತಾಸು ಮಾತ್ರ ಅಪ್ಪಣೆ ಕೊಡುವವನು ಅವನು.

ಲಕ್ಷ್ಮೇಶ್ವರದ ದಾದಾಪೀರ ಎಂಬ ಹುಡುಗನೊಬ್ಬ ಆಟದಲ್ಲಿ ನಮಗೆ ಮತ್ತೆ ಮತ್ತೆ ಸಿಗುತ್ತಿದ್ದ. ಅವನ ಬೆಂಕಿಯ ಹುಲಿಗೆ ನಾವು ಪ್ರತಿ ಸಲ ಸೋತಿದ್ದೆವು. ಗದಗಿನ ಒಂದು ಮೊಬೈಲ್ ಅಂಗಡಿಯವರು ಭಾನುವಾರ ಮಾಳಿಗೆಯ ಮೇಲೆ ಪಂದ್ಯ ಇಟ್ಟಿದ್ದಾರೆ, ದಾದಾಪೀರ ಬರುತ್ತಾನೆ ಎಂದು ಆಟದೊಳಗಿನ ಸಂದೇಶದಲ್ಲಿ ತಿಳಿಯಿತು. ಅಣ್ಣ ತಂಡವನ್ನು ಬಿಚ್ಚಿದ. ಜಿಗಟನನ್ನು ತೆಗೆದ, ಸೂಲಗಿತ್ತಿಯನ್ನು ತೆಗೆದ, ಎರಡು ನೀರಿನವುಗಳನ್ನು ತುಂಬಿದ.

"ಬ್ಯಾರೆದವರು ಎದುರಾದ್ರ?" ಎಂದೆ.

"ಅಂವನ್ನ ದಾಟಿದ್ರ ಸಾಕು. ಅಂವನ ದೊಡ್ಡಾಂವ."

ಹೋಗಲಿಕ್ಕೆ ಒಪ್ಪಿಗೆ ಸಿಕ್ಕದ್ದು ಆಯಿಯ ಪಂಚಾಂಗದಿಂದ. ಅಮಾವಾಸ್ಯೆ ಬುಧವಾರವೇ ಕಳೆದಿತ್ತು. "ಅಮಾಸಿ ದಾಟೇತಿ, ಹೋಗಿ ಬರ್ಲಿ ಬಿಡು, ಹುಡುಗೂರು ಮನ್ಯಾಗ ಕೊಳೀತಾವ," ಎಂದು ಅವ್ವನಿಗೆ ಹೇಳಿದಳು. ಗೆಳೆಯನ ಮನೆಯಿಂದ ನೋಟ್ಸ್ ತರುತ್ತೇವೆ ಎಂದು ನಾವು ಅವ್ವನಿಗೆ ಸುಳ್ಳು ಹೇಳಿದೆವು. ಅಪ್ಪನಿಗೆ ಅಷ್ಟೂ ಹೇಳಲಿಲ್ಲ. ಆ ವಾರ ಮನೆಗೆ ಹೊಸ ಹಾಸು, ಎಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ನೂಲು, ಬಂದಿತ್ತು. ಆ ನೂಲಿಗೆ ಗಂಜಿ ಹಚ್ಚುವ ಕೆಲಸ ಬಿಸಿಲು ಏರುವ ಮೊದಲೇ ಮುಗಿಯಬೇಕು; ಓಣಿಯ ಉದ್ದಕ್ಕೂ ನೂಲು ಚಾಚಿ, ಎರಡೂ ತುದಿಗೆ ಬಿಗಿ ಹಿಡಿದು, ಕುಂಚದಿಂದ ಗಂಜಿ ಬಳಿಯಬೇಕು. ಅದಕ್ಕೆ ಅಪ್ಪ ಮೂರೂವರೆಗೆ ಏಳುತ್ತಿದ್ದ, ಅಣ್ಣನನ್ನೂ ಎಬ್ಬಿಸುತ್ತಿದ್ದ. ತಣ್ಣನೆಯ ಹೊತ್ತು, ಮೈಗೆ ಒಳ್ಳೆಯದು ಎಂದು ಅವ್ವನ ನಂಬಿಕೆ. ಆ ದಿನಗಳಿಗೆ ಅಪ್ಪ ಕ್ಯಾಲೆಂಡರಿನಲ್ಲಿ ನೀಲಿ ಪೆನ್ಸಿಲಿನ ಗುಂಡು ಹಾಕುತ್ತಿದ್ದ. ಶುಕ್ರವಾರ, ಶನಿವಾರ ಎರಡಕ್ಕೂ ಗುಂಡು ಇತ್ತು. ಡಾಕ್ಟರು ಹೇಳಿದಂತೆ ಲೆಕ್ಕ ಬರೆದಿಡುತ್ತಿದ್ದ ನನ್ನ ವಹಿಯಲ್ಲಿ ನಾನು ಅದನ್ನು ಬರೆಯಲಿಲ್ಲ. ಬರೆಯಬೇಕಾದ ಸಂಗತಿ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಮಾಳಿಗೆಯ ಮೇಲೆ ಇಪ್ಪತ್ತು ಕುರ್ಚಿ, ಒಂದು ಉದ್ದ ಮೇಜು. ಗೋಡೆಗೆ ಮುಖ ಮಾಡಿ ಆಡುತ್ತೇನೆ ಎಂದ ಅಣ್ಣನನ್ನು ಅಂಗಡಿಯ ಮಾಲೀಕರು ವಿಚಿತ್ರವಾಗಿ ನೋಡಿದರು. "ಬೆರಳ ಯಾರದರ ಇರ್ಲಿ ತಮ್ಮಾ, ಒಂದ ಫೋನ, ಒಂದ ಹೆಸರು," ಎಂದು ಒಪ್ಪಿದರು. ಎರಡು ಕುರ್ಚಿ ಅಡ್ಡ ತಿರುಗಿಸಿಕೊಂಡು, ಮನೆಯಲ್ಲಿದ್ದಂತೆ ಬೆನ್ನಿಗೆ ಬೆನ್ನು ಹಚ್ಚಿ ಕೂತೆವು. ದಾದಾಪೀರ ಎಂದರೆ ಮೀಸೆ ಚಿಗುರದ, ನನ್ನಷ್ಟೇ ಎತ್ತರದ ಹುಡುಗ. ಪಂದ್ಯ ಶುರುವಾಗುವ ಮೊದಲು ತನ್ನ ಪೊಟ್ಟಣದಿಂದ ನಮಗೂ ಎರಡು ಮಿರ್ಚಿ ಕೊಟ್ಟ.

"ನೀರ ತಂದೀರೇನ?" ಎಂದು ನಕ್ಕ.

"ಕೊಡಾ ತುಂಬ ತಂದೀವಿ," ಎಂದ ಅಣ್ಣ.

ಗೆದ್ದೆವು. ಬೆಂಕಿಯ ಹುಲಿ ಎರಡೇ ಸಲಕ್ಕೆ ಬಿತ್ತು. ಸುತ್ತ ನಿಂತವರು ಚಪ್ಪಾಳೆ ಹೊಡೆದರು. ಬಹಳ ತಿಂಗಳ ಮೇಲೆ ಅಣ್ಣ ನಾಲ್ಕು ಜನರ ನಡುವೆ ಕುರ್ಚಿಯಲ್ಲಿ ಹಿಂದಕ್ಕೊರಗಿ ಕೂತದ್ದನ್ನು ನೋಡಿದೆ. ಅವನ ಕಣ್ಣುಗಳು ಕೆಂಪಾಗಿದ್ದವು, ಆಕಳಿಸುತ್ತಿದ್ದ. ಎರಡನೆಯ ಪಂದ್ಯ ಮುಂಡರಗಿಯಿಂದ ಬಂದ ಒಬ್ಬ ಕಾಲೇಜು ಹುಡುಗಿಯ ಜತೆ. ಅವಳ ತಂಡದಲ್ಲಿ ಬೆಂಕಿಯದು ಒಂದೂ ಇರಲಿಲ್ಲ.

"ಹಸರು ಬಂತು, ಬಳ್ಳೀಹಂಗ ಐತಿ. ನಮ್ಮ ನೀರಿಂದಕ್ಕ ಸುತ್ತಕೊಂತು. ಜೀವ ಮುಕ್ಕಾಲು ಹೋತು," ಎಂದೆ.

"ಕಪ್ಪತನ್ನ ತಗೋ."

"ತಗೊಂಡೆ. ಅವನಿಗೂ ಸುತ್ತಕೊಂತು. ಸಲಕ್ಕೊಂದಿಷ್ಟು ಇಳ್ಯಾಕ ಹತ್ತೈತಿ. ಮಾಯಸಾಕ ಯಾರೂ ಇಲ್ಲ ಅಣ್ಣಾ."

"ಗೊತ್ತೈತಿ."

"ಕಪ್ಪತಂದು ಅರ್ಧಕ್ಕಿಂತ ಕಡಿಮಿ. ಏನ ಮಾಡ್ಲಿ?"

ಪರದೆಯ ಮೇಲೆ ಸೆಕೆಂಡುಗಳು ಇಳಿಯುತ್ತಿದ್ದವು. ಮತ್ತೊಮ್ಮೆ ಕೇಳಿದೆ. ನನ್ನ ಬೆನ್ನಿಗೆ ತಾಗಿದ್ದ ಅವನ ಬೆನ್ನು ಮರದ ಹಾಗೆ ಗಟ್ಟಿಯಾಯಿತು. ತಿರುಗಿ ನೋಡುವಷ್ಟರಲ್ಲಿ ಕುರ್ಚಿ ಮಗುಚಿತ್ತು. ಗೋಡೆಯ ಗಡಿಯಾರದಲ್ಲಿ ಹನ್ನೆರಡು ಗಂಟೆ ಆರು ನಿಮಿಷ. ಅವ್ವ ಇರಲಿಲ್ಲ, ಅಪ್ಪ ಇರಲಿಲ್ಲ. ಅವನನ್ನು ಎಡ ಮಗ್ಗುಲಿಗೆ ಹೊರಳಿಸಿದೆ, ನನ್ನ ದುಪಟ್ಟಾ ಮಡಚಿ ತಲೆಯ ಕೆಳಗಿಟ್ಟೆ. ಯಾರೋ ಚಪ್ಪಲಿ ಮೂಸಿಸಿ ಎಂದರು. ಒಬ್ಬರು ಹಲ್ಲಿನ ನಡುವೆ ಇಡಲು ಚಮಚ ತಂದರು.

"ಬಾಯಾಗ ಏನೂ ಹಾಕಬ್ಯಾಡ್ರಿ," ಎಂದೆ.

"ನಾಲಿಗಿ ಕಡಕೊಂಡ್ರ?"

"ಹಾಕಬ್ಯಾಡ್ರಿ. ಹಿಂದ ಸರೀರಿ, ಗಾಳಿ ಬಿಡ್ರಿ."

ಚಮಚ ಹಿಡಿದ ಕೈಯನ್ನು ದಾದಾಪೀರ ಹಿಡಿದು ನಿಲ್ಲಿಸಿದ. ಎರಡು ನಿಮಿಷವಾಯಿತು. ಮನೆಯಲ್ಲಿ ಅಲ್ಲಿಯವರೆಗಿನ ಯಾವ ಸಲವೂ ಎರಡೂವರೆ ದಾಟಿರಲಿಲ್ಲ. ಮೂರಾಯಿತು. ಅವನ ತುಟಿಗಳು ನೀಲಿಗಟ್ಟಿದ್ದವು. ಮೂರೂವರೆಗೆ ಅಂಗಡಿಯ ಮಾಲೀಕರಿಗೆ ಆಟೋ ಕರೆಯಿರಿ ಎಂದೆ. ನನ್ನ ದನಿ ನನಗೇ ಬೇರೆಯವರದ್ದು ಎನ್ನಿಸಿತು. ನಾಲ್ಕಾಯಿತು. ಮುಳ್ಳು ನೋಡುತ್ತ, ಐದಕ್ಕೆ ಏನು ಮಾಡಬೇಕೆಂದು ಒಂದೊಂದೇ ಹೆಜ್ಜೆ ಮನಸ್ಸಿನಲ್ಲಿ ಜೋಡಿಸಿದೆ: ಕಾಲು ಯಾರು ಹಿಡಿಯುವುದು, ಮೆಟ್ಟಿಲಲ್ಲಿ ತಲೆ ಯಾವ ಕಡೆ. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿಗೆ ಅವನ ಮುಷ್ಟಿ ಸಡಿಲಾಯಿತು. ಗೊರಕೆಯಂಥ ಉಸಿರು ಬಂತು. ಮುಂಡರಗಿಯ ಹುಡುಗಿ ಫೋನು ಕೆಳಗಿಟ್ಟು ನೆಲದ ಮೇಲೆ ಕೂತಿದ್ದಳು. ನಮ್ಮ ಸಲದ ಸಮಯ ಮುಗಿದು ಪರದೆ ಸೋಲು ತೋರಿಸುತ್ತಿತ್ತು. ಆಟೋದಲ್ಲಿ ಮನೆಗೆ ಬಂದೆವು.

ಅಂದಿನ ಜಗಳ ಓಣಿಗೆಲ್ಲ ಕೇಳಿತು. ನಾನು ಎಲ್ಲವನ್ನೂ ಹೇಳಿದೆ. ಅಪ್ಪ ಫೋನನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ. ಅವ್ವ ನನಗೆ ಹೊಡೆದಳು, ಅದು ಮೊದಲ ಸಲ.

"ಬೆಳಕ ತಾಗೇತಿ. ಕೈಯ್ಯಾರ ತಂದು ತೋರಸೀರಿ," ಎಂದಳು.

"ನಾ ನೋಡಿಲ್ಲಬೇ. ಗ್ವಾಡಿ ನೋಡಕೊಂತ ಕುಂತಿದ್ದೆ," ಎಂದ ಅಣ್ಣ, ಹಾಸಿಗೆಯಿಂದ.

"ಅಮಾಸಿ ದಾಟಿತ್ತು. ಹೆಂಗಾತು?" ಆಯಿ ಇದನ್ನೇ ಮತ್ತೆ ಮತ್ತೆ ಕೇಳಿದಳು.

ನನಗೆ ಆ ಪ್ರಶ್ನೆ ಹತ್ತಿಕೊಂಡಿತು. ಮರುದಿನ ವಹಿ ತೆಗೆದು ಕ್ಯಾಲೆಂಡರಿನ ಕೆಳಗೆ ಕೂತೆ. ಮೊದಲ ಸಲದಿಂದ ಇಲ್ಲಿಯವರೆಗೆ ಏಳು ಸಲ. ಅಮಾವಾಸ್ಯೆಗೆ ಒಂದೂ ಇಲ್ಲ. ಹುಣ್ಣಿಮೆಗೂ ಇಲ್ಲ. ಪುಟ ತಿರುವುತ್ತ ಹೋದ ಹಾಗೆ ಇನ್ನೊಂದು ಕಂಡಿತು. ಏಳಕ್ಕೆ ಏಳೂ ಸಲ, ಹಿಂದಿನ ದಿನವೋ ಅದರ ಹಿಂದಿನ ದಿನವೋ ನೀಲಿ ಗುಂಡು ಇತ್ತು. ಮೂರು ಸಲ ಎಣಿಸಿದೆ. ಆಮೇಲೆ ವಹಿಯನ್ನು ಹಾಸಿಗೆಯ ಸುರುಳಿಯೊಳಗೆ ಬಚ್ಚಿಟ್ಟೆ. ಗಂಜಿಯ ಬೆಳಗು ಇಲ್ಲದೆ ಮಗ್ಗ ಇಲ್ಲ, ಇನ್ನೊಂದು ತುದಿ ಹಿಡಿಯುವ ಕೈ ಅಣ್ಣನದು, ಎಬ್ಬಿಸುತ್ತಿದ್ದವನು ಅಪ್ಪ. ಅಪ್ಪನಿಗೆ ಇದನ್ನು ಹೇಳುವುದೆಂದರೆ ಏನು ಹೇಳಿದಂತೆ ಎಂದು ನನಗೆ ಗೊತ್ತಿತ್ತು. ಮೂರು ವಾರ ಹೇಳಲಿಲ್ಲ. ಇಪ್ಪತ್ತೆರಡನೆಯ ದಿನ ಮನೆಗೆಲಸ ಮುಗಿಸಿ ಬಂದಾಗ ಕ್ಯಾಲೆಂಡರಿನಲ್ಲಿ ಮುಂದಿನ ವಾರಕ್ಕೆ ಎರಡು ಹೊಸ ಗುಂಡುಗಳು ಕಂಡವು. ಆ ರಾತ್ರಿ ವಹಿಯನ್ನು ಮತ್ತೆ ಹೊರತೆಗೆದೆ.

ಮುಂದಿನ ಅಮಾವಾಸ್ಯೆಯ ಮಧ್ಯಾಹ್ನ, ಕಾಯಿ ಒಡೆದಾದ ಮೇಲೆ, ಎಲ್ಲರೂ ಊಟಕ್ಕೆ ಕೂತಿದ್ದೆವು. ಅವ್ವ ಹೋಳಿಗೆ ಮಾಡಿದ್ದಳು. ನಾಲ್ಕು ಜೋಡಿ ಕಣ್ಣು ಅಣ್ಣನ ಮೇಲೆ. ನಾನು ಎದ್ದು ಹೋಗಿ ಕ್ಯಾಲೆಂಡರು, ವಹಿ ಎರಡನ್ನೂ ತಂದು ಅಪ್ಪನ ಗಂಗಾಳದ ಪಕ್ಕ ನೆಲದ ಮೇಲಿಟ್ಟೆ.

"ಏನಿದು?"

"ಇವತ್ತ ಬೀಳಂಗಿಲ್ಲಪ್ಪ ಅಂವ. ಅಮಾಸಿಗೆ ಒಂದ ಸಲನೂ ಬಿದ್ದಿಲ್ಲ. ಗುಂಡ ಹಾಕಿದ ದಿನಾ ನೋಡ್ರಿ, ಆಮ್ಯಾಲೆ ನನ್ನ ವಹಿ ನೋಡ್ರಿ."

ಅಪ್ಪ ಬೆರಳಿಟ್ಟು ನೋಡಿದ. ಬೆರಳು ಶ್ರಾವಣದಿಂದ ಒಂದೊಂದೇ ತಿಂಗಳು ದಾಟಿತು. ಯಾರೂ ಉಣ್ಣುತ್ತಿರಲಿಲ್ಲ. ಅವನು ಅರ್ಧ ಹೋಳಿಗೆ ಬಿಟ್ಟು ಗಂಗಾಳದಲ್ಲೇ ಕೈ ತೊಳೆದ, ಪಡಸಾಲೆಗೆ ಹೋದ. ಕುಣಿಯ ಹಲಗೆ ತೆಗೆದ ಸದ್ದು ಕೇಳಿತು. ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವುದನ್ನು ನಾವು ಯಾರೂ ಕಂಡಿರಲಿಲ್ಲ. ಆದರೆ ಮಗ್ಗದ ಸದ್ದು ಬರಲಿಲ್ಲ. ಅವ್ವ ನನ್ನ ತೋಳು ಹಿಡಿದುಕೊಂಡಳು.

"ಏನ ಮಾಡಿದಿ ನೀ?" ಎಂದು ಪಿಸುಗುಟ್ಟಿದಳು.

ನಾನು ಹೊಸ್ತಿಲಿಗೆ ಹೋದೆ. ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು, ಎರಡೂ ಕೈ ತೊಡೆಯ ಮೇಲಿಟ್ಟು ಕೂತಿದ್ದ.

"ನಾನ ಎಬ್ಬಸ್ತಿದ್ದೆ," ಎಂದ. ಕುಣಿಯಿಂದ ಕಾಲು ಮೇಲೆಳೆದುಕೊಂಡು, "ನಾಳಿ ಇದನ್ನ ಡಾಕ್ಟರಿಗೆ ತೋರ್ಸು. ನಾನೂ ಬರ್ತೀನಿ," ಎಂದ.

ಡಾಕ್ಟರು ವಹಿಯನ್ನೂ ಕ್ಯಾಲೆಂಡರನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಓದಿದರು. ನಿದ್ದೆ ಕೆಟ್ಟರೆ ಈ ಬೇನೆ ಕೆರಳುತ್ತದೆ ಎಂದರು. ನಸುಕಿಗೆ ಎದ್ದ ದಿನ ಅವನು ಬೆಳಗಿನ ಗುಳಿಗೆಯನ್ನು ಹೊತ್ತು ಮೀರಿ ನುಂಗುತ್ತಿದ್ದದ್ದೂ ಆಗಲೇ ಹೊರಬಿತ್ತು. ಮುಂದೆ ಪರೀಕ್ಷೆಯ ಫಲಿತಾಂಶ ಬಂದಾಗ, ಮಿಣುಕುವ ಬೆಳಕಿನಿಂದ ಅವನಿಗೆ ತೊಂದರೆ ಇಲ್ಲ ಎಂದೂ ಗೊತ್ತಾಯಿತು. ಮುಂದಿನ ಗಂಜಿಯ ಬೆಳಗಿಗೆ ಇನ್ನೊಂದು ತುದಿಯನ್ನು ಅವ್ವ ಹಿಡಿದಳು, ಕುಂಚ ನಾನು ಹಿಡಿದೆ. ಅಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ನಡುಮನೆ ದಾಟುತ್ತಿದ್ದ. ಏಳು ಗಂಟೆಯವರೆಗೆ ಅಣ್ಣನ ಬಳಿ ಯಾರೂ ಮಾತಾಡುವಂತಿರಲಿಲ್ಲ. ಆಯಿ ಅಮಾವಾಸ್ಯೆಯ ಕಾವಲನ್ನು ಮಾತ್ರ ಬಿಡಲಿಲ್ಲ. ಬಿಡು ಎಂದು ಯಾರೂ ಹೇಳಲೂ ಇಲ್ಲ.

ಕಪಾಟಿನ ಕೀಲಿ ಯುಗಾದಿಗೆ ತೆರೆಯಿತು. ಅಣ್ಣ ಈಗ ಪರದೆಗೆ ಮುಖ ಮಾಡಿ ಕೂರಬಹುದಿತ್ತು. ಮೊದಲು ಮಾಡಿದ ಕೆಲಸ, ಸೂಲಗಿತ್ತಿಯನ್ನೂ ಜಿಗಟನನ್ನೂ ತಂಡಕ್ಕೆ ತಿರುಗಿ ಕರೆದದ್ದು.

"ಎದುರ ಯಾರ ಬರ್ತಾರ ಗೊತ್ತಿಲ್ಲ ಅಂತ ತಿಳಕೊಂಡ ಕಟ್ಟಬೇಕು," ಎಂದ. "ನಾ ಒಬ್ಬ ದಾದಾಪೀರಗ ಅಂಜಿ ಕಟ್ಟಿದ್ದೆ."

ಆ ವರ್ಷ ಅವನು ಇನ್ನೂ ಎರಡು ಸಲ ಬಿದ್ದ, ಮರುವರ್ಷ ಒಂದು ಸಲ, ಬಚ್ಚಲಲ್ಲಿ. ಆಮೇಲೆ ಬಿದ್ದಿಲ್ಲ. ಪಿಯುಸಿ ಮುಗಿಸಿದ, ಮೋಟಾರು ಸುತ್ತುವ ಕೆಲಸ ಕಲಿತ. ಈಗ ಮುಂಡರಗಿಯಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ, ಮದುವೆಯಾಗಿದ್ದಾನೆ. ಇಷ್ಟು ವರ್ಷ ಬೀಳದಿದ್ದುದರಿಂದ ಗುಳಿಗೆಯನ್ನು ಹಂತ ಹಂತವಾಗಿ ಇಳಿಸಬಹುದು ಎಂದು ಹೊಸ ಡಾಕ್ಟರು ಹೇಳಿದರು; ನಿಲ್ಲಿಸಿದ ಮೊದಲ ತಿಂಗಳುಗಳಲ್ಲಿ ತಿರುಗಿ ಬರುವ ಸಾಧ್ಯತೆ ಇರುತ್ತದೆ ಎಂದೂ ಹೇಳಿದರು. ಕೊನೆಯ ಅರ್ಧ ಗುಳಿಗೆ ಅವನು ನುಂಗಿದ್ದು ಇಪ್ಪತ್ತಮೂರು ದಿನಗಳ ಹಿಂದೆ. ಇವತ್ತು ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಫೋನ್ ಮಾಡಿದೆ. ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೆಯ ಸಲ ವೈನಿ, ಅವನ ಹೆಂಡತಿ, ಎತ್ತಿದರು.

"ಇನ್ನೂ ಮಲಗ್ಯಾರ," ಎಂದರು. "ಎಬ್ಬಸ್ಲೇನು?"

ಬ್ಯಾಡ ಎಂದೆ.